ತಾಯಿಯನ್ನು ಯಾರೂ ಕೇಳಿರಲಿಲ್ಲ

"ಸಹಿ ಹಾಕಿಸ್ಕೊಂಡು ಕಳಿಸಿಬಿಡಿ ಸಿಸ್ಟರ್" ಎಂದು ಡ್ಯೂಟಿ ಡಾಕ್ಟರ್ ಹೇಳಿದಾಗ ರಾತ್ರಿ ಒಂದೂವರೆ. ಮಗುವಿನ ತಂದೆ, ಇಪ್ಪತ್ತೈದರ ಹುಡುಗ, ಬಾಗಿಲಾಚೆ ಚಪ್ಪಲಿ ಬಿಟ್ಟು ನಿಂತಿದ್ದ. ಹಿಂದೆ ಅವನ ತಾಯಿ, ಸೆರಗು ಬಾಯಿಗೊತ್ತಿಕೊಂಡು. ವೈದ್ಯರ ಸಲಹೆ ಮೀರಿ ಮಗುವನ್ನು ಕರೆದೊಯ್ಯುತ್ತಿದ್ದೇವೆ ಎಂಬ ಫಾರಂ ನನ್ನ ಕೈಲಿತ್ತು. ನಮ್ಮ ಬಾಯಲ್ಲಿ ಅದು 'ಲಾಮಾ'. ಹೆಣ್ಣು ಮಗು, 28 ವಾರದ ಬಸಿರಿಗೇ ಹುಟ್ಟಿದ್ದು, 940 ಗ್ರಾಂ, ಹುಟ್ಟಿ ಒಂದು ದಿನವೂ ಆಗಿರಲಿಲ್ಲ. ಸಿ-ಪ್ಯಾಪ್ ಮೇಲೆ, ಅಂದರೆ ಮೂಗಿನ ಕೊಳವೆಯಿಂದ ಒತ್ತಿ ಬಿಡುವ ಗಾಳಿಯ ಆಸರೆಯಲ್ಲಿ, ಉಸಿರಾಡುತ್ತಿತ್ತು. ಆ ಕೊಳವೆ ತೆಗೆದು ಕೈಗೆ ಕೊಟ್ಟರೆ ಮನೆ ಮುಟ್ಟುವುದಿಲ್ಲ ಎಂದು ನನಗೂ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು.

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಸ್ಟಾಫ್ ನರ್ಸ್. ಹದಿನಾಲ್ಕು ವರ್ಷವಾಯಿತು. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.) ನರ್ಸಿಂಗ್ ಓದುವಾಗ ನೀತಿಶಾಸ್ತ್ರದ ಪಾಠವೆಂದರೆ ಅರುಣಾ ಶಾನುಭಾಗರ ಕಥೆ. ಹಳದೀಪುರದ ಹುಡುಗಿ, ಮುಂಬೈನ ಕೆ.ಇ.ಎಂ. ಆಸ್ಪತ್ರೆಯ ನರ್ಸ್. 1973ರಲ್ಲಿ ಆದ ಹಲ್ಲೆಯಿಂದ ಪ್ರಜ್ಞೆ ಮರಳದೆ ಮಲಗಿದವರನ್ನು ಸಹೋದ್ಯೋಗಿ ನರ್ಸ್‌ಗಳೇ 2015ರವರೆಗೆ ನೋಡಿಕೊಂಡರು. ಅವರನ್ನು ಬದುಕಿಸಿಡಬೇಕೇ ಎಂಬುದು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಹಾಗಾಗಿ ಇಂಥ ಪ್ರಶ್ನೆ ಎಂದರೆ ಕೋರ್ಟಿಗೆ ಹೋಗುವಷ್ಟು ದೊಡ್ಡದು ಎಂದುಕೊಂಡೇ ಕೆಲಸಕ್ಕೆ ಸೇರಿದೆ. ಇಲ್ಲಿ ಬಂದು ನೋಡಿದರೆ ಬಹಳಷ್ಟು ಸಂಗತಿಗಳನ್ನು ಯಾರೂ ನಿರ್ಧರಿಸುವುದೇ ಇಲ್ಲ. ತಾನಾಗಿ ಆಗಿಬಿಡುತ್ತವೆ.

ನನ್ನ ಕೈಯಿಂದಲೇ ಆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಅವಧಿಗೆ ಮುಂಚೆ ಹುಟ್ಟಿದ, ಆಕ್ಸಿಜನ್ ಮೇಲಿರುವ ಮಗುವಿನ ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇಕಡಾ 90ರಿಂದ 95ರೊಳಗೆ ಇರಬೇಕು. ಕಡಿಮೆಯಾದರೆ ಜೀವಕ್ಕೆ ಅಪಾಯ, ಹೆಚ್ಚಾದರೆ ಕಣ್ಣಿನ ರೆಟಿನಾಕ್ಕೆ. ಅದಕ್ಕೇ ಮಾನಿಟರ್‌ನಲ್ಲಿ ಮೇಲಿನ ಮಿತಿ 95ಕ್ಕೆ ಇಡುತ್ತೇವೆ, ದಾಟಿದರೆ ಕೂಗುತ್ತದೆ. ಮೂರು ನಾಲ್ಕು ಮಕ್ಕಳಿಗೆ ಒಬ್ಬ ನರ್ಸ್ ಇರಬೇಕೆಂದು ಲೆಕ್ಕ. ಒಂದು ರಾತ್ರಿ ನನ್ನ ಪಾಲಿಗೆ ಏಳು. ಒಂದು ಮಗು ಉಸಿರು ನಿಲ್ಲಿಸುತ್ತಿತ್ತು, ಇನ್ನೊಂದಕ್ಕೆ ಫಿಟ್ಸ್, ಮೂಲೆಯ ಮಾನಿಟರ್ ನಿಲ್ಲದೆ ಕೂಗುತ್ತಿತ್ತು. ಹೋಗಿ ಮಿತಿಯನ್ನು 100ಕ್ಕೆ ಏರಿಸಿದೆ. ಸದ್ದು ನಿಂತಿತು. ಆಕ್ಸಿಜನ್ ಇಳಿಸಲಿಲ್ಲ. ಬೆಳಿಗ್ಗೆ ಚಾರ್ಜ್ ಕೊಡುವಾಗ ಹೇಳಲೂ ಇಲ್ಲ.

ನಾಲ್ಕನೇ ವಾರದ ಕಣ್ಣಿನ ತಪಾಸಣೆಯಲ್ಲಿ ಆ ಮಗುವಿಗೆ ಲೇಸರ್ ಬೇಕೆಂದರು. ಈ ತಪಾಸಣೆ ನಮ್ಮಂಥ ಊರುಗಳಿಗೆ ಬಂದದ್ದೇ ದೊಡ್ಡ ಪುಣ್ಯ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಕಿಡ್‌ರಾಪ್ ಎಂದು ಶುರುಮಾಡಿ, ಕ್ಯಾಮೆರಾ ಹೊತ್ತು ಜಿಲ್ಲೆ ಜಿಲ್ಲೆ ತಿರುಗಿ ತೆಗೆದ ಚಿತ್ರಗಳನ್ನು ದೂರದಲ್ಲಿರುವ ಡಾಕ್ಟರು ನೋಡುವ ಹಾಗೆ ಮಾಡಿದರು. ಮಗುವಿನ ಕಣ್ಣು ಉಳಿಯಿತು. ಆ ಒಂದು ರಾತ್ರಿಯಿಂದಲೇ ಆಯಿತು ಎನ್ನಲಾಗದು, ಅಂಥ ಮಕ್ಕಳಿಗೆ ಕಾರಣ ಹಲವು. ಆದರೂ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ ಹೇಳಿದೆ. ಬೈಗುಳ ತಿನ್ನಲು ತಯಾರಾಗಿದ್ದೆ. ಅವರು ಸುಮ್ಮನೆ ಕೂತು, "ನೀನೊಬ್ಬಳೇ ಅಂದ್ಕೊಂಡ್ಯಾ? ಎಲ್ರೂ ಮಾಡ್ತಾರೆ. ಇನ್ಮೇಲೆ ಏನ್ ಮಾಡೋಣ ಹೇಳು" ಅಂದರು. ಅಂದಿನಿಂದ ಪ್ರತಿ ಮಾನಿಟರ್ ಮೇಲೂ ಪ್ಲಾಸ್ಟರ್ ತುಂಡು ಅಂಟಿಸಿ 90–95 ಎಂದು ಬರೆಯುತ್ತೇವೆ. ಚಾರ್ಜ್ ಕೊಡುವಾಗ ಅದನ್ನು ಬಾಯಿಬಿಟ್ಟು ಓದಬೇಕು. ಮಿತಿ ಬದಲಿಸಿದವರು ಹೆಸರು, ಹೊತ್ತು, ಕಾರಣ ಬರೆಯಬೇಕು. ಬರೆಯಬೇಕು ಎಂದಾಗ ಕೈ ತಾನಾಗಿ ನಿಲ್ಲುತ್ತದೆ.

ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವ ಎರಡು ನಿಮಿಷ ಮುಂಚೆ, ನೋವು ಕಡಿಮೆಯಾಗಲೆಂದು, ನಾಲಿಗೆ ಮೇಲೆ ತಾಯಿಯ ಹಾಲಿನ ಹನಿ ಬಿಡುವುದು ಕೂಡ ಹೀಗೇ. ಯಾವ ಡಾಕ್ಟರ್ ಆರ್ಡರೂ ಬೇಡ, ಆದರೂ ಅವಸರದಲ್ಲಿ ಬಿಟ್ಟುಹೋಗುತ್ತಿತ್ತು. 1980ರ ದಶಕದವರೆಗೂ ಎಳೆ ಶಿಶುಗಳಿಗೆ ನೋವು ತಿಳಿಯುವುದಿಲ್ಲವೆಂದು ಅರಿವಳಿಕೆ ಸರಿಯಾಗಿ ಕೊಡದೆ ಆಪರೇಷನ್ ಮಾಡಿದ್ದೂ ಉಂಟಂತೆ. ಓದಿದ ದಿನ ನನಗೆ ಊಟ ಸೇರಲಿಲ್ಲ.

ಲಾಮಾ ಫಾರಂಗೆ ಬರುತ್ತೇನೆ. ನನ್ನ ಮನಸ್ಸಿನಲ್ಲಿ ಆಗಲೇ ತೀರ್ಪಾಗಿತ್ತು: ಎರಡನೆಯದೂ ಹೆಣ್ಣು, ಅದಕ್ಕೇ ಒಯ್ಯುತ್ತಿದ್ದಾರೆ. ಅಂಥವರನ್ನು ನೋಡಿಲ್ಲವೆಂದಲ್ಲ. ಆದರೆ ಹುಡುಗನನ್ನು ಬೆಂಚಿನ ಮೇಲೆ ಕೂರಿಸಿ ಕೇಳಿದಾಗ ಬಂದದ್ದು ಬೇರೆ. ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಕೆಲಸ, ದಿನಗೂಲಿ. ಅಣ್ಣನ ಮಗುವನ್ನು ಬೆಂಗಳೂರಿನ ಖಾಸಗಿ ಆಸ್ಪತ್ರೆಗೆ ಸೇರಿಸಿ ಮಾಡಿದ ಸಾಲ ಇನ್ನೂ ತೀರಿರಲಿಲ್ಲ, ಮಗುವೂ ಉಳಿದಿರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಶಿಶುವಿನ ಚಿಕಿತ್ಸೆ, ಔಷಧ, ದೊಡ್ಡ ಆಸ್ಪತ್ರೆಗೆ ಒಯ್ಯುವ ಗಾಡಿ ಎಲ್ಲವೂ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ 2011ರಿಂದ ಉಚಿತ. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

"ಮಗು ತಾಯಿ ಏನಂತಾಳೆ?" ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಬಿ.ಪಿ. ಏರಿ ಸಿಸೇರಿಯನ್ ಆಗಿ ಮೇಲಿನ ವಾರ್ಡಿನಲ್ಲಿ ಮಲಗಿದ್ದಳು. ಮಗು ಚೆನ್ನಾಗಿದೆ ಎಂದು ಹೇಳಿದ್ದರಂತೆ.

"ಸರ್, ತಾಯಿ ಇನ್ನೂ ಮಗೂನ ನೋಡಿಲ್ಲ. ಬೆಳಿಗ್ಗೆವರೆಗೂ ಫಾರಂ ನನ್ನ ಹತ್ರ ಇರಲಿ" ಎಂದೆ. ಡಾಕ್ಟರಿಗೂ ಬಹುಶಃ ಯಾರಾದರೂ ತಡೆಯಲಿ ಎಂದೇ ಇತ್ತು. ತಲೆಯಾಡಿಸಿದರು. ನೋಟ್ಸ್‌ನಲ್ಲಿ ಬರೆದೆ: ತಾಯಿಯೊಂದಿಗೆ ಮಾತಾಡಿಲ್ಲ.

ಬೆಳಿಗ್ಗೆ ಬಿ.ಪಿ. ನೋಡಿ, ಪ್ರಸೂತಿ ಡಾಕ್ಟರನ್ನು ಕೇಳಿ, ವೀಲ್‌ಚೇರಿನಲ್ಲಿ ಕರೆತಂದೆ. ಬಾಗಿಲಲ್ಲೇ ಹೇಳಿದೆ, "ಅಮ್ಮಾ, ಮಗು ತುಂಬಾ ಸಣ್ಣದು. ಉಸಿರಾಡೋಕೆ ಮೆಷಿನ್ ಸಹಾಯ ಇದೆ. ಉಳಿಯುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ." ಅವಳು ಅಳಲಿಲ್ಲ. ಮಗುವನ್ನು ಬೆಚ್ಚಗಿಡುವ ವಾರ್ಮರ್ ಮುಂದೆ ಬಹಳ ಹೊತ್ತು ಕೂತು, "ಮುಟ್ಟುಕೋವಚ್ಚಾ?" ಎಂದಳು. ನಮ್ಮ ಕಡೆ ಕನ್ನಡ ಮಾತಾಡುವವರಿಗೂ ಸಂಕಟಕ್ಕೆ ಬರುವುದು ತೆಲುಗೇ. ಮೊಣಕೈವರೆಗೆ ಕೈ ತೊಳೆಸಿ, ಒಂದು ಅಂಗೈ ತಲೆಗೆ, ಒಂದು ಪಾದಕ್ಕೆ ಇಡಿಸಿದೆ. ಅಷ್ಟು ಎಳೆಯ ಮಗುವನ್ನು ಸವರಬಾರದು, ಕೈ ಅಲುಗದೆ ಇರಬೇಕು.

ಹೊರಗೆ ಬಂದು ಅತ್ತೆಗೆ, "ನಾನು ಬರಲ್ಲ, ಇದು ಎಲ್ಲಿರುತ್ತೋ ಅಲ್ಲೇ ಇರ್ತೀನಿ" ಎಂದಳು. ಬೆಂಗಳೂರಿಗೆ ಫೋನ್ ಮಾಡಿದೆವು, ವೆಂಟಿಲೇಟರ್ ಬೆಡ್ ಸಿಗಲಿಲ್ಲ. ಮಗು ಇಲ್ಲೇ ಉಳಿಯಿತು.

ಕಥೆ ಚೆನ್ನಾಗಿ ಮುಗಿಯಲಿಲ್ಲ. ಒಂಬತ್ತನೇ ದಿನ ತಲೆಯ ಸ್ಕ್ಯಾನ್‌ನಲ್ಲಿ ಮಿದುಳೊಳಗೆ ದೊಡ್ಡ ರಕ್ತಸ್ರಾವ ಕಂಡಿತು, ಹೊಟ್ಟೆಯೂ ಉಬ್ಬಿತು. ಮಕ್ಕಳ ಡಾಕ್ಟರ್ ಮೇಡಂ ಮೂವರನ್ನೂ ಕೂರಿಸಿ ಎಲ್ಲ ಬಿಡಿಸಿ ಹೇಳಿದರು: ನೋವಾಗದಂತೆ ನೋಡಿಕೊಳ್ಳೋಣ, ಹೃದಯ ನಿಂತರೆ ಎದೆ ಒತ್ತುವುದು ಬೇಡ. ಇಂಥ ನಿರ್ಧಾರದ ಬಗ್ಗೆ ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಮಾರ್ಗಸೂಚಿ ತಂದಿದೆ, ಕುಟುಂಬದೊಂದಿಗೆ ಮಾತಾಡಿ ಕೇಸ್ ಶೀಟಿನಲ್ಲಿ ಬರೆದಿಡಬೇಕು. ಬರೆದರು. ಆಮೇಲೆ ತಾಯಿ ನನ್ನ ಕಡೆ ತಿರುಗಿ, "ಅಕ್ಕಾ, ನಿಮ್ಮ ಮಗು ಆಗಿದ್ರೆ ಏನ್ ಮಾಡ್ತಿದ್ರಿ?" ಎಂದಳು. "ಎತ್ಕೊಂಡು ಕೂತಿರ್ತಿದ್ದೆ" ಎಂದುಬಿಟ್ಟೆ. ಅದು ತಕ್ಕಡಿಗೆ ಬೆರಳು ಒತ್ತಿದ ಹಾಗಾಯಿತೇನೋ, ಇವತ್ತಿಗೂ ಗೊತ್ತಾಗಿಲ್ಲ.

ಮೂರು ಗಂಟೆ ಎದೆಯ ಮೇಲಿಟ್ಟುಕೊಂಡಿದ್ದಳು. ಮುಗಿದ ಮೇಲೆ "ಅವಳಿಗೆ ಇನ್ನು ತೋರಿಸ್ಬೇಡಿ" ಎಂದು ತಂದೆ ಕೈಮುಗಿದ. ಈ ಸಲವೂ ಅವಳನ್ನೇ ಕೇಳಿದೆ. ಟ್ಯೂಬ್, ಪ್ಲಾಸ್ಟರ್ ತೆಗೆದು ಬೆಚ್ಚನೆ ನೀರಲ್ಲಿ ಒರೆಸುವಾಗ ಬಟ್ಟೆ ಹಿಡಿದುಕೊಂಡವಳು ಅವಳೇ.

ನಾವು ಸಾಮಾನ್ಯವಾಗಿ ಮರೆಯುವುದು ಇದರ ಆಚೆಯದನ್ನು. ಮಗು ಹೋದರೂ ಹಾಲು ನಿಲ್ಲುವುದಿಲ್ಲ. ಒಳಲೆಗೆಂದು ದಿನವೂ ಹಿಂಡಿ ಕಳಿಸುತ್ತಿದ್ದವಳಿಗೆ ಎದೆ ಕಲ್ಲಾಗುತ್ತದೆ, ಜ್ವರ ಬರುತ್ತದೆ, ಯಾರ ಹತ್ತಿರವೂ ಹೇಳಿಕೊಳ್ಳಲಾರಳು. ಪೂರ್ತಿ ಹಿಂಡಬೇಡ, ಭಾರ ಇಳಿಯುವಷ್ಟು ಸಾಕು, ತಣ್ಣನೆ ಬಟ್ಟೆ ಇಟ್ಕೋ ಎಂದು ಹೇಳುತ್ತಿದ್ದೆ. ಅಷ್ಟರಲ್ಲಿ ಅತ್ತೆ ಬಂದರು. ಫಾರಂಗೆ ಸಹಿ ಹಾಕಿಸಲು ಮಗನ ಹಿಂದೆ ನಿಂತಿದ್ದ ಅದೇ ಅಜ್ಜಿ. ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ಟಿನಿಂದ ಬಾಳೆಲೆಯಲ್ಲಿ ಮಲ್ಲಿಗೆ ತಂದಿದ್ದರು. ಎದೆಗೆ ಮಲ್ಲಿಗೆ ಕಟ್ಟಿದರೆ ಹಾಲು ಇಂಗುತ್ತದೆಂದು ನಮ್ಮಲ್ಲಿ ಹಿಂದಿನಿಂದಲೂ ಕಟ್ಟುತ್ತಾರೆ. ನನ್ನತ್ತ ನೋಡಿ, "ಕಟ್ಟಬಹುದಾ ಸಿಸ್ಟರಮ್ಮಾ?" ಎಂದರು.

"ಅವಳನ್ನ ಕೇಳಿ" ಎಂದೆ.

ಅಜ್ಜಿ ಸೊಸೆಯ ಮಂಚದ ಅಂಚಿಗೆ ಕೂತು ಪೊಟ್ಟಣ ಬಿಚ್ಚಿದರು.