‘ನಮ್ಮ ಪುಡಿ ಜಾಸ್ತಿ ಖಾರ ಇರೋದಿಲ್ಲ’ ಅಂತ ಪ್ಯಾಕೆಟ್ ಮೇಲೇ ಬರೆಸಿದೆ

ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಖಾರಪುಡಿ ಮಾರುತ್ತೇನೆ. ಮೊದಲ ವರ್ಷ ಪ್ಯಾಕೆಟ್ ಮೇಲೆ ‘ಶುದ್ಧ, ರುಚಿಕರ, ಮನೆಯಲ್ಲೇ ಮಾಡಿದ್ದು’ ಅಂತ ಹಾಕಿಸಿದ್ದೆ. ಪಕ್ಕದಲ್ಲೊಂದು ಮೆಣಸಿನಕಾಯಿ ಚಿತ್ರ. ದುರ್ಗದಬೈಲಿನ ಒಂದು ಅಂಗಡಿಯಲ್ಲಿ 20 ಪ್ಯಾಕೆಟ್ ಇಟ್ಟು ಬಂದೆ. 15 ದಿನ ಬಿಟ್ಟು ಹೋದರೆ 17 ಹಾಗೇ ಕೂತಿದ್ದವು. ಅಕ್ಕಪಕ್ಕದ ಪ್ಯಾಕೆಟ್‌ಗಳ ಮೇಲೂ ಅದೇ ಮಾತು, ಅದೇ ಚಿತ್ರ.

ಕೊಂಡ ಮೂವರಲ್ಲಿ ಕೇಶ್ವಾಪುರದ ಕಾಕು ಒಬ್ಬರು. ಫೋನ್ ಮಾಡಿದರು. ‘ಯವ್ವಾ, ಬಣ್ಣ ಛಂದ ಐತಿ, ಆದ್ರ ಖಾರನ ಇಲ್ಲಲ್ಲ. ಏನ್ ಹಾಕೀದಿ ಇದರಾಗ?’

‘ಬರೇ ಬ್ಯಾಡಗಿ ಕಾಯಿರಿ ಕಾಕು.’

‘ಹಂಗಂದ್ರ ಮದ್ಲ ಹೇಳಬೇಕಿಲ್ಲೇನು? ನಮ್ಮ ಮೊಮ್ಮಕ್ಕಳಿಗೆ ಇಂಥಾದ್ದ ಬೇಕಾಗಿತ್ತು. ಇನ್ನೊಂದು ಕಿಲೋ ಕೊಡು.’

ಬಣ್ಣ ಜಾಸ್ತಿ, ಖಾರ ಕಡಿಮೆ. ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದೇ ಇದಕ್ಕೆ. 2011ರಲ್ಲಿ ಅದಕ್ಕೆ ಜಿಐ ಟ್ಯಾಗ್ (ಇದು ಈ ಸೀಮೆಯದೇ ಬೆಳೆ ಅನ್ನೋ ಸರ್ಕಾರಿ ಗುರುತು) ಕೂಡ ಸಿಕ್ಕಿದೆ. ಖಾರ ಕಡಿಮೆ ಅನ್ನೋದನ್ನೇ ನಾನು ಗಿರಾಕಿಗೆ ಹೇಳಿರಲಿಲ್ಲ. ಖಾರ ಇಲ್ಲ ಅಂದರೆ ಯಾರು ಕೊಳ್ತಾರೆ ಅನ್ನೋ ಹೆದರಿಕೆ.

ಮುಂದಿನ ಸಲ ದಪ್ಪ ಅಕ್ಷರದಲ್ಲಿ ಅದನ್ನೇ ಬರೆಸಿದೆ. ಪ್ರಿಂಟಿಂಗ್ ಪ್ರೆಸ್ಸಿನವರು ಎರಡು ಸಲ ಕೇಳಿದರು, ‘ಇದನ್ನ ಹಾಕೋದೇನ್ರಿ ಅಕ್ಕಾರ?’ ಹೌದು, ಇದನ್ನೇ. ಕೆಳಗೆ ಯಾವ ಕಾಯಿ, ಯಾವತ್ತು ಕುಟ್ಟಿಸಿದ್ದು ಅಂತ ಬರೆಯಲು ಜಾಗ ಖಾಲಿ ಬಿಡಿಸಿದೆ. ಅದನ್ನು ಪ್ರತಿ ಪ್ಯಾಕೆಟ್ ಮೇಲೂ ಪೆನ್ನಿನಲ್ಲಿ ನಾನೇ ತುಂಬುತ್ತೇನೆ. ಖಾರ ಬೇಕು ಅನ್ನುವವರಿಗೆ ಬೇರೆ ಪುಡಿ ಇದೆ: ಮೂರು ಪಾಲು ಬ್ಯಾಡಗಿ, ಒಂದು ಪಾಲು ಗುಂಟೂರು. ಹೆಸರು ‘ಎಣಗಾಯಿ ಖಾರ’. ಬರೀ ಬ್ಯಾಡಗಿಯದು ‘ಮಕ್ಕಳ ಖಾರ’. ನಂಬರ್ 1, ಸ್ಪೆಷಲ್ ಅನ್ನೋದಕ್ಕಿಂತ ಅಡುಗೆಯ ಹೆಸರು ಜನರ ಬಾಯಲ್ಲಿ ಬೇಗ ಕೂರುತ್ತದೆ.

ಇನ್ನು ವಾಟ್ಸ್ಯಾಪ್ ಸ್ಟೇಟಸ್. ಮೊದಮೊದಲು ಒಳ್ಳೆ ಸೀರೆ ಉಟ್ಟು, ಕ್ಯಾಮೆರಾ ಮುಂದೆ ನಿಂತು ಮಾತಾಡಿದೆ. ಹತ್ತು ಜನ ನೋಡಿದರೆ ಜಾಸ್ತಿ. ಈಗ ಬ್ಯಾಡಗಿ ಪೇಟೆಗೆ ಹೋದ ದಿನ ನನ್ನ ಕೈ ಮಾತ್ರ ತೋರಿಸುತ್ತೇನೆ. ಬ್ಯಾಡಗಿಯಲ್ಲೇ ಎರಡು ಬಗೆ. ಒಂದು ಅಂಗೈಯಲ್ಲಿ ಡಬ್ಬಿ ಕಾಯಿ: ಗಿಡ್ಡ, ಗುಂಡಗೆ. ಇನ್ನೊಂದರಲ್ಲಿ ಕಡ್ಡಿ: ಉದ್ದ, ಸಣ್ಣ, ಮೈತುಂಬ ಸುಕ್ಕು. ಫೋನಿನ ಹತ್ತಿರ ಹಿಡಿದು ಒಂದನ್ನು ಮುರಿಯುತ್ತೇನೆ. ಚಟ್ ಅಂದರೆ ಚೆನ್ನಾಗಿ ಒಣಗಿದೆ. ಮುರಿಯದೆ ಬಾಗಿದರೆ ತೇವ ಇದೆ, ಅಂಥದ್ದರ ಪುಡಿ ಗಂಟು ಕಟ್ಟುತ್ತದೆ, ಬೂಜು ಹಿಡಿಯುತ್ತದೆ. ಈ ‘ಚಟ್’ ಕೇಳೋಕೇ ಜನ ಕಾಯ್ತಾರೆ. ನನ್ನ ನಂಬರನ್ನು ‘ಖಾರದ ಅಕ್ಕ’ ಅಂತ ಸೇವ್ ಮಾಡಿಕೊಂಡಿದ್ದಾರೆ. ನಾನು ಇಟ್ಟುಕೊಂಡ ಹೆಸರಲ್ಲ ಅದು, ಅದಕ್ಕೇ ನನಗೆ ಜಾಸ್ತಿ ಖುಷಿ.

ಹೋದ ವರ್ಷ ಒಂದು ತಪ್ಪಾಯಿತು. ಪಾರದರ್ಶಕ ಪ್ಯಾಕೆಟ್‌ಗಳನ್ನು ಕಿಟಕಿ ಹತ್ತಿರ ಇಟ್ಟಿದ್ದೆ. ಬಿಸಿಲಿಗೆ ಬಣ್ಣ ಮಾಸಿತ್ತು, ಗಮನಿಸದೆ ಮಾರಿಬಿಟ್ಟೆ. ಒಬ್ಬರು ದೂರಿದ ಕೂಡಲೇ ಆ ತಾರೀಖಿನ ಪುಡಿ ಒಯ್ದ 14 ಮನೆಗಳಿಗೂ ಫೋನ್ ಹಚ್ಚಿದೆ. ಪ್ಯಾಕೆಟ್ ಮೇಲೆ ತಾರೀಖು ಇದ್ದದ್ದಕ್ಕೆ ಹುಡುಕುವುದು ಸುಲಭವಾಯಿತು. ಎಲ್ಲರಿಗೂ ಬದಲಿ ಕೊಟ್ಟೆ. ಯಾಕೆ ಹೀಗಾಯಿತು ಅಂತ ಸ್ಟೇಟಸ್‌ನಲ್ಲೂ ಹಾಕಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಬೆಳಕು ತಾಗದ ದಪ್ಪ ಚೀಲದಲ್ಲೇ ತುಂಬುತ್ತೇನೆ.

ಆ 14 ಮನೆಗಳಲ್ಲಿ 11 ಮನೆಯವರು ಈ ಬೇಸಿಗೆಯಲ್ಲಿ ಇಡೀ ವರ್ಷದ ಖಾರವನ್ನು ನನ್ನ ಹತ್ತಿರವೇ ಕುಟ್ಟಿಸಿದರು. ಕೇಶ್ವಾಪುರದ ಕಾಕು 5 ಕಿಲೋ ಒಯ್ದರು, ಅದರಲ್ಲಿ 2 ಕಿಲೋ ಪುಣೆಯ ಮಗಳಿಗೆ.