ಮೂರನೇ ಕುದುರೆ ಮತ್ತು ನನ್ನ ಆಲ್ಬಿನ್

ಚೆಸ್‌ನಲ್ಲಿ ಕರಿ ಕಾಯಿ ಸಿಕ್ಕಾಗ ಎದುರಾಳಿ ಡಿ4 (ಅಕ್ಷರ ಅಂದ್ರೆ ಉದ್ದಸಾಲು, ಅಂಕಿ ಅಂದ್ರೆ ಅಡ್ಡಸಾಲು; ಇಲ್ಲಿ ರಾಣಿಯ ಮುಂದಿನ ಕಾಲಾಳು ಎರಡು ಮನೆ ಮುಂದೆ) ಆಡಿದರೆ ನಾನು ಸುಮ್ನೆ ಕೋಟೆ ಕಾಯುತ್ತಾ ಕೂರುತ್ತಿದ್ದೆ. ನಲವತ್ತು ನಡೆ ಕಾದು ಕೊನೆಗೆ ಸೋಲುತ್ತಿದ್ದೆ. ಬೇಸತ್ತು ಆಲ್ಬಿನ್ ಕೌಂಟರ್ ಗ್ಯಾಂಬಿಟ್ ಅನ್ನೋ ಆರಂಭ ಹಿಡಿದೆ: 1. ಡಿ4 ಡಿ5 2. ಸಿ4 ಇ5. ಎರಡನೇ ನಡೆಗೇ ಒಂದು ಕಾಲಾಳು ಬಿಟ್ಟುಕೊಟ್ಟು ಜಗಳ ತೆಗೆಯುವ ಆಟ. 1893ರಲ್ಲಿ ನ್ಯೂಯಾರ್ಕ್‌ನಲ್ಲಿ ಅಡಾಲ್ಫ್ ಆಲ್ಬಿನ್ ಇದನ್ನು ಮುಂದೆ ವಿಶ್ವ ಚಾಂಪಿಯನ್ ಆದ ಎಮಾನ್ಯುಯೆಲ್ ಲಾಸ್ಕರ್ ಎದುರು ಆಡಿದ್ದ. ತಮಾಷೆ ಅಂದ್ರೆ, ಇದರಲ್ಲಿ ಎದುರಾಳಿಯನ್ನು ಸಿಕ್ಕಿಸುವ ಪ್ರಸಿದ್ಧ ಬೋನಿಗೆ ಇರುವುದು ಲಾಸ್ಕರ್ ಹೆಸರು.

ಮೊದಲು ಬಾಯಿಪಾಠ ಮಾಡಿದ್ದೂ ಆ ಬೋನನ್ನೇ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಭಾನುವಾರ ಜಗಲಿ ಮೇಲೆ ಬೋರ್ಡ್ ಹಾಕುತ್ತಾರೆ. ಅವರು ಇ5 ಕಾಲಾಳು ತಿಂದರು, ನಾನು ಡಿ4ಗೆ ತಳ್ಳಿದೆ. ಅವರು ಇ3. ನಾನು ಒಂಟೆ ಬಿ4, ಚೆಕ್. ಅವರು ಒಂಟೆ ಡಿ2 ಅಡ್ಡ ಇಟ್ಟರು. ನಾನು ಇ3 ತಿಂದೆ. ಅವರು ಖುಷಿಯಿಂದ ನನ್ನ ಒಂಟೆ ತಿಂದರು! ಕಾಲಾಳು ಎಫ್2 ತಿಂದು ಚೆಕ್ ಕೊಟ್ಟಿತು, ರಾಜ ಇ2ಗೆ ಬಂದ. ಕೊನೆ ಸಾಲು ಮುಟ್ಟಿದ ಕಾಲಾಳನ್ನು ರಾಣಿ, ಆನೆ, ಒಂಟೆ, ಕುದುರೆ ಯಾವುದಾದರೂ ಮಾಡಿಕೊಳ್ಳಬಹುದು. ಈಗ ಜಿ1ರ ಕುದುರೆ ತಿಂದು ರಾಣಿ ಮಾಡಿಕೊಂಡರೆ ಅವರು ರಾಣಿ ರಾಣಿ ಬದಲಾಯಿಸಿ, ಆನೆಯಿಂದ ಹೊಸ ರಾಣಿಯನ್ನೂ ತಿಂದು ಲೆಕ್ಕ ಸಮ ಮಾಡುತ್ತಾರೆ. ಕುದುರೆ ಮಾಡಿಕೊಂಡರೆ ಅದೇ ಚೆಕ್! ಆನೆ ಅದನ್ನು ತಿಂದರೆ ಒಂಟೆ ಜಿ4ಗೆ ಚೆಕ್, ರಾಜನ ಹಿಂದೆ ನಿಂತ ರಾಣಿ ಹೋಯಿತು.

ಆದರೆ ನನ್ನ ಎರಡೂ ಕುದುರೆ ಇನ್ನೂ ಬೋರ್ಡ್ ಮೇಲೇ ಇದ್ದವು, ಮೂರನೆಯದಕ್ಕೆ ಕಾಯಿ ಇರಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಜಿ1ರಲ್ಲಿ ನಿಲ್ಲಿಸಿದೆ.

“ಇದೇನಯ್ಯಾ?”

“ಕುದುರೆ ಸಾರ್. ಚೆಕ್.”

ಕುದುರೆ 64 ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರುವ ಸಮಸ್ಯೆಗಳನ್ನು ರಚಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ಊರಿನಲ್ಲಿ ಹೀಗೊಂದು ಕುದುರೆ ಹುಟ್ಟಿಸಿದೆನಲ್ಲ ಅಂತ ಎರಡು ದಿನ ಬೀಗಿದೆ.

ಮುಂದಿನ ವಾರ ಮೇಷ್ಟ್ರು ಇ3 ಆಡಲೇ ಇಲ್ಲ. ಕುದುರೆ ಎಫ್3, ಆಮೇಲೆ ಜಿ3, ಒಂಟೆ ಜಿ2, ಕೋಟೆ (ರಾಜನನ್ನು ಆನೆಯ ಕಡೆಗೆ ಸರಿಸಿ ಭದ್ರ ಮಾಡುವ ಕ್ಯಾಸ್ಲಿಂಗ್). ನನಗೆ ಕೈಕಾಲೇ ಆಡಲಿಲ್ಲ. ಒಂಟೆ ಜಿ5ಗೆ ಬಂದೀತು ಅಂತ ಹೆದರಿ ಎಚ್6 ಆಡಿದೆ. ಅಷ್ಟರಲ್ಲಿ ಅವರ ಎ3, ಬಿ4, ಬಿ5 ಬಂತು. ಸಿ6ರ ಕುದುರೆ ಎದ್ದು ಓಡಿತು, ಅದು ಕಾಯುತ್ತಿದ್ದ ಡಿ4 ಬಿತ್ತು. ಆಟವೂ ಮುಗಿಯಿತು.

ಆಮೇಲೆ ಆಟ ಲೆಕ್ಕ ಹಾಕುವ ಕಂಪ್ಯೂಟರ್ ಇಂಜಿನ್ ಆಫ್ ಮಾಡಿದೆ. ಅದು ಹೇಗೂ ಬಿಳಿಯೇ ಮೇಲು ಅನ್ನುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ನಡೆಗೂ ಒಂದೇ ಪ್ರಶ್ನೆ ಬರೆದುಕೊಂಡೆ: ಡಿ4ಕ್ಕೆ ಕಾವಲು ಯಾರು? ನಾನು ಬಿಟ್ಟುಕೊಟ್ಟ ಕಾಲಾಳಿನ ಬೆಲೆಯೆಲ್ಲ ಡಿ4ರಲ್ಲೇ ಇದೆ. ಅದು ಇರೋ ತನಕ ಬಿಳಿ ಕುದುರೆಗೆ ಸಿ3 ಸುಲಭಕ್ಕೆ ಸಿಗೋದಿಲ್ಲ. ಅದು ಗಟ್ಟಿ ಇದ್ದಾಗಲೇ ಒಂಟೆ ಇ6, ರಾಣಿ ಡಿ7, ಉದ್ದ ಕೋಟೆ (ರಾಣಿ ಕಡೆಗೆ ಕ್ಯಾಸ್ಲಿಂಗ್). ಒಂಟೆಯನ್ನು ಎಚ್3ಕ್ಕೆ ಕಳಿಸಿ ಜಿ2ರ ಒಂಟೆಯನ್ನು ಬದಲಾಯಿಸಿಕೊಂಡು ಎಚ್5, ಎಚ್4 ಓಡಿಸಬೇಕು. ಇಬ್ಬರ ರಾಜರೂ ಬೇರೆ ಬೇರೆ ಕಡೆ, ಯಾರು ಮೊದಲು ತಲುಪುತ್ತಾರೋ ಅವರದ್ದು. ಎಚ್6 ಥರದ ಭಯದ ನಡೆಗೆ ಇಲ್ಲಿ ಪುರುಸೊತ್ತಿಲ್ಲ.

ಹೀಗೆ ಮೂರು ಭಾನುವಾರ ಗೆದ್ದೆ. ಈಗ ಮೇಷ್ಟ್ರು ಎರಡನೇ ನಡೆಗೆ ಸಿ4 ಬಿಟ್ಟು ಕುದುರೆ ಎಫ್3 ಆಡುತ್ತಾರೆ. ಆಗ ಇ5ಗೆ ದಾರಿಯೇ ಇಲ್ಲ. “ಮುಚ್ಚಳ ಜೇಬಲ್ಲೇ ಇರಲಿ” ಅಂತ ನಗುತ್ತಾರೆ.