ಸೀಜ್ ಆದ ಇಂಜಿನ್ ಸುತ್ತಿಗೆ ಮುಟ್ಟಿಸದೆ ಬಿಡಿಸಿದ್ದು: ಹಳೆಯ ಗಾರ್ಡನ್ ಟ್ರ್ಯಾಕ್ಟರ್ ರಿಪೇರಿಯ ನನ್ನ ಅನುಭವ

"ಬ್ಲಾಕ್ ಗುಜರಿಗೆ ಹಾಕಿ, ಹೊಸ ಇಂಜಿನ್ ಕೂರಿಸಿ." ನೋಡಿದವರೆಲ್ಲ ಹೇಳಿದ್ದು ಇದೇ ಮಾತು. ಸಿಲಿಂಡರ್ ಒಳಮೈ (ಬೋರ್) ಕೊರೆದುಕೊಟ್ಟ ಲೇತ್‌ನವರೂ ಮೊದಲು ಇದನ್ನೇ ಹೇಳಿದ್ದರು. ಈಗ ಅದೇ ಬ್ಲಾಕ್, ಅದೇ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಇಟ್ಟುಕೊಂಡು ಗಾಡಿ ಎರಡು ಹಂಗಾಮು ಪೂರ್ತಿ ದುಡಿದಿದೆ. ಆದ್ದರಿಂದ ಮಾಡಿದ್ದನ್ನು ಬರೆದಿಡುತ್ತಿದ್ದೇನೆ.

ಗಾಡಿ ಕಬ್ ಕೆಡೆಟ್ 122. ಈ ಸಾಲಿನ ಮೊದಲ ಗಾಡಿ 1961ರದು, 7 ಎಚ್‌ಪಿ; ನನ್ನದು ಅದಾದ ಮೇಲೆ ಬಂದ 12 ಎಚ್‌ಪಿ ಮಾದರಿ. ಇಂಜಿನ್ ಕೋಹ್ಲರ್ ಕೆ301, ಒಂದೇ ಸಿಲಿಂಡರ್, ಸೈಡ್ ವಾಲ್ವ್ (ವಾಲ್ವ್‌ಗಳು ಸಿಲಿಂಡರ್ ಪಕ್ಕದಲ್ಲಿ). ಇಂಜಿನ್‌ನಿಂದ ಗೇರ್‌ಬಾಕ್ಸ್‌ಗೆ ಬೆಲ್ಟ್ ಇಲ್ಲ, ಶಾಫ್ಟ್ ಇದೆ. ನಾನು ಈ ಗಾಡಿಗೆ ಮನಸೋತದ್ದು ಅದಕ್ಕೇ. ಕೊಂಡದ್ದು ಹೆಚ್ಚುಕಡಿಮೆ ಕಬ್ಬಿಣದ ತೂಕದ ಲೆಕ್ಕದಲ್ಲಿ. ಸೈಲೆನ್ಸರ್ ತೆರೆದೇ ಇತ್ತು, ವರ್ಷಗಟ್ಟಲೆ ಮಳೆನೀರು ಒಳಗಿಳಿದು ಪಿಸ್ಟನ್ ಅರ್ಧ ಸ್ಟ್ರೋಕ್‌ನಲ್ಲಿ ತುಕ್ಕು ಹಿಡಿದು ಕೂತಿತ್ತು.

ಎಲ್ಲರೂ ಮಾಡುವುದನ್ನೆಲ್ಲ ಮೊದಲು ಮಾಡಿ ನೋಡಿದೆ. ಡೀಸೆಲ್ ತುಂಬಿಸಿ ವಾರಗಟ್ಟಲೆ ಬಿಟ್ಟೆ, ಏನೂ ಆಗಲಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿಗಳಿಗೆ ಹಾಕಿದ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಟಾರ್ಚ್ ಹಿಡಿದು ಸಿಲಿಂಡರ್ ಕಾಯಿಸಿದರೆ ಬಣ್ಣ ಸುಟ್ಟಿತೇ ಹೊರತು ಪಿಸ್ಟನ್ ಕದಲಲಿಲ್ಲ. ಪ್ಲಗ್ ತೂತಿನಿಂದ ಗ್ರೀಸ್ ಗನ್‌ನಲ್ಲಿ ಒತ್ತಡ ಕೊಡಿ ಎಂಬ ಸಲಹೆಯೂ ಬಂತು. ಎರಡೂ ವಾಲ್ವ್ ಮುಚ್ಚಿದ್ದರೆ ಮಾತ್ರ ಅದು ನಡೆಯುವ ಕೆಲಸ. ನನ್ನದರಲ್ಲಿ ಎಕ್ಸಾಸ್ಟ್ ವಾಲ್ವ್ ತೆರೆದ ಸ್ಥಿತಿಯಲ್ಲೇ ಗೈಡ್ (ಅದು ಜಾರುವ ಕೊಳವೆ) ಒಳಗೆ ಕಚ್ಚಿಕೊಂಡಿತ್ತು.

ಉಳಿದದ್ದು ಮರದ ತುಂಡು ಇಟ್ಟು ಸುತ್ತಿಗೆಯಿಂದ ಬಡಿಯುವುದು. ಅದಕ್ಕೆ ನಾನು ಒಪ್ಪಲಿಲ್ಲ. ಅಲ್ಯೂಮಿನಿಯಂ ಪಿಸ್ಟನ್, ಬೀಡು ಕಬ್ಬಿಣದ ಬೋರ್. ತುಕ್ಕು ಹಿಡಿಯುವುದು ಬೋರ್ ಮತ್ತು ರಿಂಗ್‌ಗೆ, ಏಟು ತಿನ್ನುವುದು ಪಿಸ್ಟನ್. ರಿಂಗ್ ಕೂರುವ ತೋಡು ಒಡೆದರೆ ಚೂರುಗಳು ಬೋರ್ ಗೀಚುತ್ತವೆ, ಏಟಿನ ಭಾರ ಪಿಸ್ಟನ್‌ಗೂ ಕ್ರ್ಯಾಂಕ್‌ಗೂ ನಡುವಿನ ರಾಡ್ ಮೂಲಕ ಕ್ರ್ಯಾಂಕ್‌ಗೂ ಇಳಿಯುತ್ತದೆ.

ನನಗೆ ಬೇಕಾದದ್ದು ಏಟಲ್ಲ, ಬಿಡದೆ ಇರುವ ಒತ್ತಡ. ಹೆಡ್ ಬಿಚ್ಚಿ, ಅದರ ಜಾಗಕ್ಕೆ ಕೂರುವ ಸುಮಾರು 12 ಮಿಮೀ ದಪ್ಪದ ಪ್ಲೇಟ್‌ಗೆ ಹೆಡ್ ಬೋಲ್ಟ್‌ಗಳ ಅಳತೆಗೆ ತೂತು ಹಾಕಿಸಿ, ನಡುವೆ ದಪ್ಪ ನಟ್ ವೆಲ್ಡ್ ಮಾಡಿಸಿದೆ. ಬೋರ್‌ಗಿಂತ ಕೂದಲೆಳೆಯಷ್ಟು ಸಣ್ಣದಾಗಿ ಗಟ್ಟಿ ಮರದ ಗುಂಡು ತಿರುವಿಸಿದೆ. ನಟ್‌ನಲ್ಲಿ ಸ್ಕ್ರೂ ತಿರುಗಿಸಿದರೆ ಅದು ಗುಂಡನ್ನು ಪಿಸ್ಟನ್ ಮೇಲೆ ಒತ್ತುತ್ತದೆ. ಒತ್ತಡ ಪಿಸ್ಟನ್ ತಲೆಯ ನಡುವಿನಲ್ಲೇ ಬೀಳದೆ ಅಂಚಿಗೂ ಹರಡಬೇಕು. ಪಿಸ್ಟನ್ ಮೇಲೆ ಟ್ರಾನ್ಸ್‌ಮಿಷನ್ ಆಯಿಲ್ ಮತ್ತು ಅಸಿಟೋನ್ ಬೆರೆಸಿ ಹುಯ್ದೆ. ಎಲ್ಲರೂ ಹೇಳುವುದು ಅರ್ಧಕ್ಕರ್ಧ. ನನ್ನ ಪ್ರಮಾಣ ಅದಲ್ಲ, ಅದನ್ನು ಇಲ್ಲಿ ಹೇಳುವುದೂ ಇಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಅಸಿಟೋನ್ ಬೇಗ ಆವಿಯಾಗುತ್ತದೆ, ಮೇಲೆ ಮುಚ್ಚಿಡದಿದ್ದರೆ ಹುಯ್ದದ್ದು ದಂಡ. ಹತ್ತಿರ ಬೆಂಕಿ, ಕಿಡಿ ಯಾವುದೂ ಇರಕೂಡದು.

ಬೆಳಿಗ್ಗೆ ಸಂಜೆ ಸ್ಕ್ರೂ ಕಾಲು ಸುತ್ತು. ಕೈ ಬಿಗಿಯಾಯಿತು ಅನ್ನಿಸಿದರೆ ಅವತ್ತಿಗೆ ಅಲ್ಲೇ ಬಿಡುವುದು. ಮೂರನೆಯ ವಾರದ ಸುಮಾರಿಗೆ 'ಟಕ್' ಎಂದು ಒಂದು ಸದ್ದು, ಸ್ಕ್ರೂ ತಾನೇ ಸಡಿಲವಾಯಿತು. ಪಿಸ್ಟನ್ ಅರ್ಧ ಮಿಲಿಮೀಟರ್ ಇಳಿದಿರಬಹುದು, ಅಷ್ಟೇ. ಅವತ್ತು ನನಗಾದ ಸಂತೋಷ ಇಂಜಿನ್ ಸ್ಟಾರ್ಟ್ ಆದ ದಿನವೂ ಆಗಲಿಲ್ಲ.

ಇಲ್ಲಿ ಅವಸರ ಮಾಡಿದವರೇ ಕೆಲಸ ಕೆಡಿಸಿಕೊಳ್ಳುವುದು. ಇಳಿಯಿತೆಂದು ಕೂಡಲೇ ಫ್ಲೈವೀಲ್ ತಿರುಗಿಸಿ ಪಿಸ್ಟನ್ ಮೇಲೆ ತರಬಾರದು. ಮೇಲಿನ ಬೋರ್‌ನಲ್ಲಿ ತುಕ್ಕು ಹಾಗೇ ಇರುತ್ತದೆ, ರಿಂಗ್ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಇನ್ನೂ ಸ್ವಲ್ಪ ಕೆಳಕ್ಕೊತ್ತಿ, ಮೇಲಿನ ಭಾಗವನ್ನು ನಯ ಎಮರಿಯಿಂದ ಉಜ್ಜಿ ಒರೆಸಿ, ಆಮೇಲೆ ಫ್ಲೈವೀಲನ್ನು ಒಂದು ಬೆರಳಷ್ಟು ಆಚೆ, ಒಂದು ಬೆರಳಷ್ಟು ಈಚೆ ಆಡಿಸುತ್ತಾ ಮೇಲೆ ತಂದೆ. ಎಲ್ಲ ರಿಂಗ್ ಇಡಿಯಾಗಿಯೇ ಹೊರಬಂದವು.

ಬೋರ್‌ನಲ್ಲಿ ತುಕ್ಕಿನ ಗುಳಿ ಇತ್ತು. ಮೂಲ ಅಳತೆ 3.375 ಇಂಚು, 20 ಥೌ (ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಓವರ್‌ಸೈಜ್‌ಗೆ ಕೊರೆಸಿದ ಮೇಲೆ ಗುಳಿ ಪೂರ್ತಿ ಹೋಯಿತು. ಈ ಇಂಜಿನ್‌ನಲ್ಲಿ ರಾಡ್‌ಗೆ ಬೇರೆ ಬೇರಿಂಗ್ ಇಲ್ಲ, ಅಲ್ಯೂಮಿನಿಯಂ ರಾಡ್ ನೇರವಾಗಿ ಕ್ರ್ಯಾಂಕ್ ಪಿನ್ ಮೇಲೇ ಓಡುತ್ತದೆ. ಹಾಗಾಗಿ ಪಿನ್ ಅಳೆಯದೆ ಹೊಸ ರಾಡ್ ಹಾಕಬೇಡಿ. ವಾಲ್ವ್ ಲ್ಯಾಪ್ ಮಾಡಿ (ಸೀಟಿಗೆ ಸರಿಯಾಗಿ ಕೂರುವಂತೆ ಉಜ್ಜಿ), ತಣ್ಣಗಿರುವಾಗ ವಾಲ್ವ್ ಸಂದನ್ನು ಇನ್‌ಲೆಟ್‌ಗೆ ಎಂಟು ಹತ್ತು ಥೌ, ಎಕ್ಸಾಸ್ಟ್‌ಗೆ ಹದಿನೇಳರಿಂದ ಇಪ್ಪತ್ತಕ್ಕೆ ಕೂರಿಸಿದೆ.

ಮೊದಲ ಸಲ ಸ್ಟಾರ್ಟ್ ಆಗಿ ಅರ್ಧ ಗಂಟೆ ಓಡಿ ಹೆಡ್ ಗ್ಯಾಸ್ಕೆಟ್ ಹಾರಿತು. "ನಾವು ಹೇಳಲಿಲ್ಲವಾ" ಅಂದರು ಗುಜರಿಗೆ ಹಾಕಿ ಎಂದವರು. ಹೆಡ್ ಬಿಚ್ಚಿ ದಪ್ಪ ಗಾಜಿನ ಮೇಲಿಟ್ಟರೆ ಫೀಲರ್ ಗೇಜ್‌ನ (ಸಂದು ಅಳೆಯುವ ತೆಳು ಎಲೆಗಳ ಕಟ್ಟು) ಎಂಟು ಥೌ ಎಲೆ ಒಂದು ಮೂಲೆಯಲ್ಲಿ ಸಲೀಸಾಗಿ ನುಗ್ಗಿತು, ಅಂದರೆ ಹೆಡ್ ಬಾಗಿತ್ತು. ಅದೇ ಗಾಜಿಗೆ 120ರ ಎಮರಿ ಹಾಳೆ ಅಂಟಿಸಿ, ಎಂಟರ ಆಕಾರದಲ್ಲಿ ಹೆಡ್ ಉಜ್ಜುತ್ತಾ ಕೂತೆ, ಆಮೇಲೆ 220. ಒಂದು ಮಧ್ಯಾಹ್ನದ ಕೆಲಸ, ಖರ್ಚು ನಾಲ್ಕು ಹಾಳೆ. ಗ್ಯಾಸ್ಕೆಟ್‌ಗೆ ಏನು ಬಳಿದೆ ಎಂಬುದು ನನ್ನ ಹತ್ತಿರವೇ ಇರಲಿ, ಅಲ್ಲಿಂದಾಚೆಗೆ ಸೋರಿಲ್ಲ.

ದುಡ್ಡಿನ ಲೆಕ್ಕ: ಕೊಂಡ ಹಣದ ಐದಾರು ಪಟ್ಟು ಒಟ್ಟು ಖರ್ಚಾಯಿತು. ಅದರಲ್ಲಿ ಅರ್ಧದಷ್ಟು ಬೋರಿಂಗ್, ಪಿಸ್ಟನ್, ರಾಡ್. ಕಾಲು ಭಾಗ ಟೈರು. ಉಳಿದದ್ದು ಸೀಲು, ಬೇರಿಂಗು, ಬಣ್ಣ. ಆದರೂ ಬರೀ ಹೊಸ ಇಂಜಿನ್‌ಗೆ ಕೇಳಿದ್ದರ ಅರ್ಧವೂ ಆಗಲಿಲ್ಲ, ಅದನ್ನು ಕೂರಿಸಲು ಬೇಕಾಗುತ್ತಿದ್ದ ಅಡಾಪ್ಟರ್, ಮಜೂರಿ ಬೇರೆ.

ಉಳಿದ ಭಾಗಗಳ ತುಕ್ಕು ತೆಗೆಯುವ ಪ್ರಯೋಗ ಈ ನಡುವೆ ನಡೆದದ್ದು. ಗ್ರಿಲ್, ಬ್ರಾಕೆಟ್‌ಗಳನ್ನು ವಾಷಿಂಗ್ ಸೋಡಾ ನೀರಿನಲ್ಲಿ ಮುಳುಗಿಸಿ ಬ್ಯಾಟರಿ ಚಾರ್ಜರ್‌ನ ನೆಗೆಟಿವ್ ಕೊಟ್ಟೆ, ಪಾಸಿಟಿವ್‌ಗೆ ಹಳೆಯ ಕಬ್ಬಿಣದ ತಗಡು. ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ, ಕ್ರೋಮಿಯಂ ವಿಷ ನೀರಿಗಿಳಿಯುತ್ತದೆ. ಗಾಳಿಯಾಡುವ ಕಡೆಯೇ ಮಾಡಿ, ಏಳುವ ಗುಳ್ಳೆ ಹೈಡ್ರೋಜನ್. ಹಿಂದಿನ ಹಬ್‌ಗಳನ್ನು ಮಾತ್ರ ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರಿನಲ್ಲಿ ಎರಡು ಮೂರು ವಾರ ಬಿಟ್ಟೆ. ನಾತ ಸಹಿಸಿಕೊಳ್ಳಬೇಕು, ಆದರೆ ಕರೆಂಟ್ ತಲುಪದ ಮೂಲೆಯ ತುಕ್ಕನ್ನೂ ಅದು ತೆಗೆಯುತ್ತದೆ. ಅಲ್ಯೂಮಿನಿಯಂ ಅದಕ್ಕೆ ಹಾಕಬಾರದು.

ಪಾಯಿಂಟ್ (ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಸ್ವಿಚ್) ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ ಎಂದವರೂ ಇದ್ದಾರೆ. ನಾನು ಪಾಯಿಂಟನ್ನೇ ಉಳಿಸಿಕೊಂಡಿದ್ದೇನೆ. ಪುಸ್ತಕದಲ್ಲಿ ಅದರ ಸಂದು 20 ಥೌ ಇದೆ, ಆದರೆ ಫೀಲರ್ ಗೇಜ್ ನಂಬಿ ನಿಲ್ಲಿಸಬೇಡಿ. ಪಾಯಿಂಟ್‌ಗೆ ಬಲ್ಬ್ ಕಟ್ಟಿ, ಫ್ಲೈವೀಲ್‌ನ 'ಎಸ್' ಗುರುತು ಕಿಂಡಿಯಲ್ಲಿ ಬರುವ ಹೊತ್ತಿಗೇ ಪಾಯಿಂಟ್ ತೆರೆದುಕೊಳ್ಳುವಂತೆ ಮಾಡಿದರೆ ಟೈಮಿಂಗ್ ಕರಾರುವಾಕ್ಕಾಗುತ್ತದೆ. ನನ್ನ ಗಾಡಿ ಈಗ ಅರ್ಧ ಸುತ್ತಿಗೇ ಹಿಡಿಯುತ್ತದೆ.

ನಿರ್ವಹಣೆಯಲ್ಲಿ ನಾನು ಬಿಡದೆ ಮಾಡುವುದು ಆಯಿಲ್. ಇದರಲ್ಲಿ ಆಯಿಲ್ ಪಂಪ್ ಇಲ್ಲ, ರಾಡ್‌ನ ಬಾಲ ಎರಚಿದ್ದೇ ಆಯಿಲ್. ಮಟ್ಟ ಇಳಿದರೆ ಮೊದಲು ಹೋಗುವುದು ರಾಡ್. ಹಾಗಾಗಿ ಪ್ರತಿ ಸಲ ಹತ್ತುವ ಮುಂಚೆ ಡಿಪ್‌ಸ್ಟಿಕ್ ನೋಡುವುದು, 25 ಗಂಟೆಗೊಮ್ಮೆ ಎಸ್‌ಎಇ 30 ಬದಲಿಸುವುದು. ವರ್ಷಕ್ಕೊಮ್ಮೆ ಮೇಲಿನ ತಗಡು ಬಿಚ್ಚಿ ಫಿನ್ ನಡುವಿನ ಹುಲ್ಲು ತೆಗೆಯುತ್ತೇನೆ. ನಿಲ್ಲಿಸಿಡುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರ್ ಖಾಲಿಯಾಗುವವರೆಗೆ ಓಡಿಸಿ, ಸೈಲೆನ್ಸರ್ ಬಾಯಿಗೆ ಡಬ್ಬಿ ಕವುಚುತ್ತೇನೆ. ಗೇರ್‌ಬಾಕ್ಸ್‌ನಿಂದ ಬೆಳ್ಳಗೆ ಆಯಿಲ್ ಇಳಿದರೆ ನೀರು ಸೇರಿದೆ ಎಂದೇ ಅರ್ಥ; ಒಂದು ಸಲ ಬದಲಿಸಿ ಬಿಡಬೇಡಿ, ನಾಲ್ಕೈದು ಗಂಟೆ ಓಡಿಸಿ ಮತ್ತೊಮ್ಮೆ ಇಳಿಸಿ ನೋಡಿ.

ಕ್ಲಚ್ ಡ್ರೈವರ್‌ನ (ಇಂಜಿನ್ ತಿರುಗುವುದನ್ನು ಕ್ಲಚ್‌ಗೆ ಮುಟ್ಟಿಸುವ ಭಾಗ) ಮೂರು ಪಿನ್‌ಗಳಲ್ಲಿ ತುಸು ಸವಕಳಿ ಕಾಣುತ್ತಿದೆ, ಗೇರ್ ಬೀಳುವಾಗ ಸಣ್ಣ ಕಿರಿಚು ಸದ್ದು. ಅದನ್ನು ಈ ಹಂಗಾಮು ಮುಗಿದ ಮೇಲೆ ಬಿಚ್ಚುತ್ತೇನೆ.